ಓಡುತ್ತಲೇ ಕಾಣೆಯಾದ ಆಮೆ

ಬೆಳಗಿನ ಕೆಲಸ ಇನ್ನೂ ಬಿಸಿಯೇರಿರಲಿಲ್ಲ, ಮುದ್ರಣಾಲಯದಿಂದ ಆಮೆ ಕಾಣೆಯಾಯಿತು.

ಆಮೆ ಎಂದರೆ ಮೂಲೆಯ ಲಿನಕ್ಸ್ ಕಂಪ್ಯೂಟರು. ಪುಸ್ತಕದ ಪುಟಗಳೆಲ್ಲ ಅದರೊಳಗೆ. ಉಳಿದ ಕಂಪ್ಯೂಟರುಗಳು ಅದನ್ನು ಹೆಸರು ಹಿಡಿದೇ ಕರೆಯಬೇಕು. ಈಗ ಕರೆದರೆ ಒಂದೇ ಉತ್ತರ — ಆ ಹೆಸರಿನವರು ಯಾರೂ ಇಲ್ಲ!

ಪೆಟ್ಟಿಗೆ ಮಾತ್ರ ಇದ್ದಲ್ಲೇ ಗುರುಗುಡುತ್ತಿತ್ತು.

"ಆ ಕೋಣೆಲಿ ಕೂರೋದು ನೀನೊಬ್ಬಳೇ. ಏನು ಅಳಿಸಿದೆ?" ಬೈಂಡಿಂಗಿನವರೆಲ್ಲರ ಮುಂದೆ ಮಾಲೀಕ ಅಕ್ಷರಜೋಡಣೆಯವಳ ಮೇಲೆ ಹರಿಹಾಯ್ದ. "ಮಧ್ಯಾಹ್ನದೊಳಗೆ ಆಮೆ ಸಿಗದಿದ್ರೆ ನಾಳೆಯಿಂದ ಬರಬೇಡ!"

ಅವಳು ಅಳಲಿಲ್ಲ. ಮಾಲೀಕನ ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಟೆಲಿಫೋನ್ ಕಚೇರಿಯ ಕಂಪ್ಯೂಟರುಗಳನ್ನು ಸಾಕಿ ನಿವೃತ್ತಳಾದವಳು. ತಮ್ಮನನ್ನು ಸಾಕುವ ಕೆಲಸದಿಂದ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

ಸ್ವಲ್ಪ ಹೊತ್ತಿಗೇ ಬಂದು ಆಮೆಯ ಮುಂದೆ ಕೂತಳು. "ಇದನ್ನ ಆರಿಸಿ ಹಚ್ಚಿದ್ರಾ?"

"ಇಲ್ಲಕ್ಕಾ. ಓಡ್ತಾನೇ ಇದೆ," ಅಂದ ಮಾಲೀಕ.

"ಹೆಸರು ಬದಲಾಗಿದೆಯಾ?"

"ಆರಿಸದೆ ಹೇಗೆ ಬದಲಾಗುತ್ತೆ? ನೋಡು, ಪರದೆ ಮೇಲೇ ಇದೆಯಲ್ಲ — ಆಮೆ!"

ಆಜ್ಞೆ ಬರೆಯುವ ಕಿಟಕಿಯಲ್ಲಿ, ಸಾಲಿನ ಮೊದಲಿಗೆ ಹಾಗೆಯೇ ಇತ್ತು.

"ಈ ಕಿಟಕಿ ತೆರೆದಿದ್ದು ಯಾವಾಗ?"

"ಬಂದ ತಕ್ಷಣ, ನಾನೇ," ಅಂದಳು ಅಕ್ಷರಜೋಡಣೆಯವಳು.

ಅಷ್ಟರಲ್ಲಿ ಮಾಲೀಕನ ಭಾವಮೈದುನ ಇಣುಕಿದ. ಗಿರಾಕಿಗಳನ್ನು ಮಾತಾಡಿಸುವುದು ಅವನ ಪಾಲಿನ ಕೆಲಸ. ಕೈಯಲ್ಲಿ ಮಕ್ಕಳ ಭೂಪಟ ಪುಸ್ತಕದ ಹೊಸ ಹಾಳೆ.

"ಗಿರಾಕಿ ಕಾಯ್ತಿದ್ದಾರೆ, ಇದನ್ನ ತೋರಿಸಿಬಿಟ್ಟು ಬರ್ತೀನಿ. ಪಾಪ, ನೀವು ಹುಡುಕ್ತಾ ಇರಿ."

ಅಕ್ಕ ಹಾಳೆಯನ್ನು ಬೆರಳಿನಿಂದ ಮುಟ್ಟಿ, ಹೋಗಲು ಬಿಟ್ಟಳು. ಆಮೇಲೆ ಇನ್ನೊಂದು ಕಿಟಕಿ ತೆರೆದಳು.

ಸಾಲಿನ ಮೊದಲಿಗೆ — ಚಿರತೆ.

ಮಾಲೀಕ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ.

"ಓಡ್ತಿರೋ ಯಂತ್ರದ ಹೆಸರನ್ನ ಒಂದೇ ಸಾಲಲ್ಲಿ ಬದಲಾಯಿಸಬಹುದು ಕಣೋ. ಅದಕ್ಕೆ ಮೊದಲೇ ತೆರೆದ ಕಿಟಕಿಗೆ ಸುದ್ದಿ ಮುಟ್ಟಲ್ಲ. ಹಳೇ ಹೆಸರನ್ನೇ ಹಿಡ್ಕೊಂಡು ಕೂತಿರುತ್ತೆ. ನಿನ್ನ ಹಾಗೆ."

"ಹಾಗಾದ್ರೆ ಬದಲಾಯಿಸಿದ್ದು ಯಾರು? ಇವಳೇ ತಾನೆ?"

"ಇವಳಾಗಿದ್ರೆ ಪುಟ ಇವಳಿಗೆ ಸಿಗ್ತಿರಲಿಲ್ವಾ? ಪುಟಗಳೆಲ್ಲ ಆಮೆಯೊಳಗೆ. ಆಮೆ ಯಾರಿಗೂ ಸಿಗ್ತಿಲ್ಲ. ಹಾಗಿದ್ರೂ ಒಬ್ಬನ ಕೈಲಿ ಈಗಷ್ಟೇ ಅಚ್ಚಾದ ಹಾಳೆ — ಇನ್ನೂ ಬೆಚ್ಚಗಿತ್ತು! ಹೊಸ ಹೆಸರು ಗೊತ್ತಿಲ್ಲದೆ ಹೇಗೆ ತೆಗೆದ? ತನ್ನ ಮೇಜಿನ ಕಂಪ್ಯೂಟರಿಂದಲೇ ಇದರೊಳಗೆ ಹೊಕ್ಕಿದ್ದಾನೆ. ಕರಿ ನಿನ್ನ ಭಾವಮೈದುನನ್ನ."

ಅವನು ಕುತ್ತಿಗೆ ತುರಿಸುತ್ತ ಬಂದ.

"ದಿನಾ ಗಿರಾಕಿಗಳಿಗೆ 'ಸ್ವಲ್ಪ ತಡೀರಿ, ನಿಮ್ಮ ಪುಸ್ತಕ ಆಮೆಯಿಂದ ಬರ್ಬೇಕು' ಅನ್ನೋದು ನಾನಲ್ವಾ ಅಕ್ಕಾ? ಅವರು ನಗೋದು ಯಾರ ಮುಖ ನೋಡಿ? ಅದಕ್ಕೇ ಚಿರತೆ ಅಂತ ಮಾಡ್ದೆ. ಎಲ್ಲರಿಗೂ ಹೇಳೋಣ ಅಂತಲೇ ಇದ್ದೆ... ಅಷ್ಟರಲ್ಲಿ ಭಾವನ ಬೈಗುಳ ಶುರುವಾಯ್ತು. ಧೈರ್ಯ ಬರ್ಲಿಲ್ಲ."

"ಸರಿ, ಸರಿ," ಎಂದ ಮಾಲೀಕ ಅಕ್ಷರಜೋಡಣೆಯವಳತ್ತ ತಿರುಗಿದ. "ನೀನು ಹೋಗಿ ಕೆಲಸ ನೋಡಮ್ಮ."

ಅವಳು ಅಲುಗಲಿಲ್ಲ. "ಬೈದಿದ್ದನ್ನ ವಾಪಸ್ ತಗೊಳ್ಳಿ."

"ತಗೊಂಡೆ."

"ಹಾಗಲ್ಲ. ಬೈಂಡಿಂಗಿನವರ ಮುಂದೆ."

ಮಾಲೀಕ ಅಕ್ಕನ ಮುಖ ನೋಡಿದ. ಅಲ್ಲಿ ಕನಿಕರದ ಸುಳಿವೂ ಇರಲಿಲ್ಲ. ಬಾಗಿಲು ತೆರೆದು ಕರೆದ. ಒಂದೇ ಕೂಗಿಗೆ ಎಂದೂ ಬಾರದ ಬೈಂಡಿಂಗಿನವರು, ಕೈಯ ಅಂಟನ್ನೂ ಒರೆಸಿಕೊಳ್ಳದೆ ಓಡಿಬಂದು ಸಾಲಾಗಿ ನಿಂತರು.