ಕೆರೆಯ ಉಸಿರಿಗೆ ಕಟ್ಟಿಸಿದ ಚೌಕಟ್ಟು

ಹೆಣ ಸಿಕ್ಕಿದ್ದು ಜೊಂಡಿನಲ್ಲಿ. ಬೋರಲಾಗಿ. ತಲೆಯ ಹಿಂದೆ ಗಾಯ. ಎರಡೂ ಕೈಯ ಉಗುರು ಮುರಿದಿದ್ದವು.

"ಬಂಡೆ ತಾಗಿರ್ಬೇಕು ಮೇಡಂ," ಎಂದ ಕಾನ್‌ಸ್ಟೇಬಲ್.

"ಬಂಡೆ ಉಗುರನ್ನೂ ಮುರೀತಾ?" ಎಂದಳು ಇನ್‌ಸ್ಪೆಕ್ಟರ್.

ಠಾಣೆಯಲ್ಲಿ ಅವಳ ಅಡ್ಡಹೆಸರು ಜಿಗಣೆ. ಅವಳು ಕಚ್ಚಿ ಹಿಡಿದರೆ ಆನೆಯೂ ಒಣಗಿ ಸೌದೆಯಾಗಬೇಕು. ಅವಳ ಒಂದೇ ಪ್ರಶ್ನೆಗೆ ಬೆವೆತ ಕಳ್ಳನೊಬ್ಬ ಮಾಡಿದ ಕಳ್ಳತನದ ಜೊತೆಗೆ ಮುಂದಿನ ವರ್ಷ ಮಾಡಬೇಕೆಂದಿದ್ದದ್ದನ್ನೂ ಒಪ್ಪಿಕೊಂಡಿದ್ದನಂತೆ!

ಸತ್ತವನು ಕೆರೆ ಸಂಶೋಧನಾ ಕೇಂದ್ರದಲ್ಲಿ ಮೀಟರು ರಿಪೇರಿ ಮಾಡುತ್ತಿದ್ದವನು. ಅಲ್ಲಿನ ಪ್ರೊಫೆಸರರ ಹೆಂಡತಿಯ ತಮ್ಮ. ಈಜು ಅರೆಬರೆ. ಮಟಮಟ ಮಧ್ಯಾಹ್ನ ಭಾವನ ಜೊತೆ ದೋಣಿಯಲ್ಲಿ ಹೋದವನು ಮರಳಲಿಲ್ಲ. ಲೈಫ್ ಜಾಕೆಟ್ಟುಗಳ ಬೀರುವಿಗೆ ಬೀಗ ಬಿದ್ದಿತ್ತು. ಬೀಗದ ಕೈ ಇದ್ದದ್ದು ಸಂಶೋಧನೆಗೆ ಬಂದ ವಿದ್ಯಾರ್ಥಿನಿಯ ಬಳಿ. ಹಿಂದಿನ ದಿನ ಅವನೊಂದಿಗೆ ಅವಳ ಜಗಳ ಬೇರೆ. ಮೇಲಿನವರಿಗೆ ಅಷ್ಟೇ ಸಾಕಾಯಿತು. ಹುಡುಗಿ ಲಾಕಪ್ಪಿಗೆ ಬಿದ್ದಳು.

"ಜಗಳ ಯಾಕಾಯ್ತು?"

"ರೀಡಿಂಗಲ್ಲಿ ಮೋಸ ಇದೆ, ನೀನೂ ಸೇರಿದೀಯಾ ಅಂದ. ನಂಗೆ ಮೈ ಉರೀತು."

"ಅವನು ಮುಳುಗಿದಾಗ ಎಲ್ಲಿದ್ದೆ?"

"ದಡದಲ್ಲಿ. ಸರ್ ಒಬ್ರೇ ಬಂದ್ರು. ಇನ್ನೊಂದು ದೋಣಿ ತಗೊಂಡು ಹೋಗ್ತೀನಿ ಅಂದೆ ಮೇಡಂ, ಬಿಡ್ಲಿಲ್ಲ. 'ಹೋದವನು ಹೋದ. ಈಗ ಅಲೆ ಎಬ್ಬಿಸಿದ್ರೆ ರೀಡಿಂಗ್ ಕೆಡುತ್ತೆ' ಅಂದ್ರು."

ಜಿಗಣೆ ಪ್ರೊಫೆಸರರ ಮನೆಗೆ ನಡೆದಳು.

ಊಟದ ಮೇಜಿನ ಎದುರು, ಗೋಡೆಯ ತುಂಬ, ಗಾಜು ಹಾಕಿಸಿದ ದೊಡ್ಡ ಚೌಕಟ್ಟು. ಒಳಗೆ ಒಂದು ಕೆಂಪು ಗೆರೆ. ಕೆರೆಯ ಮೇಲೆ ಬೋರಲು ತೇಲಿಬಿಟ್ಟ ದೊಡ್ಡ ಟಬ್ಬಿನೊಳಗೆ ಸೇರುವ ಇಂಗಾಲದ ಗಾಳಿಯನ್ನು ಅಳೆದು ಮೀಟರು ಬರೆದ ಗೆರೆ ಅದು. ಆ ಟಬ್ಬುಗಳನ್ನು ಕೇಂದ್ರದವರು 'ಟೋಪಿ' ಅನ್ನುತ್ತಿದ್ದರು.

"ಕಾಡಿನ ಎಲೆ ಹೊಳೆಗೆ ಬೀಳುತ್ತೆ, ಹೊಳೆ ಕೆರೆಗೆ ತರುತ್ತೆ," ಎಂದರು ಪ್ರೊಫೆಸರ್. "ಎಲೆ ಕೊಳೆತು, ಅದರ ಇಂಗಾಲ ಗಾಳಿಗೆ ಏರುತ್ತೆ. ಮರ ಅದನ್ನ ಮತ್ತೆ ಕುಡಿಯುತ್ತೆ. ಕಾಡಿನ ಸಾಲ, ಕೆರೆ ತೀರಿಸುತ್ತೆ! ಅದನ್ನ ಹಿಡಿದವನು ನಾನು."

"ಉಳಿದ ಟೋಪಿಗಳಲ್ಲಿ?"

"ಗೆರೆ ಇಳಿದಿದೆ. ಬಿಸಿಲಲ್ಲಿ ಪಾಚಿ ಇಂಗಾಲ ಒಳಗೆಳ್ಕೊಳ್ಳುತ್ತೆ. ಹೊಳೆ ಬಂದು ಸೇರೋ ಕಡೆ ಇರೋ ಇದು ಮಾತ್ರ, ನೋಡಿ, ಹೇಗೆ ಏರಿದೆ!"

"ಇದು ಯಾವತ್ತಿಂದು?"

ಉತ್ತರ ಬಂದದ್ದು ಹೆಂಡತಿಯಿಂದ. "ನನ್ನ ತಮ್ಮ ಹೋದ ಮಧ್ಯಾಹ್ನದ್ದು. ತೆಗೀರಿ ಅಂದೆ. ಕೇಳ್ಲಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಒಂದೇ ಗುಟುಕಿಗೆ ಹೋದ ಅಂತಾರೆ. ನರಳ್ಲಿಲ್ಲ ಅಲ್ವಾ ಮೇಡಂ?"

"ಕಲ್ಲಿನ ಹಾಗೆ ಮುಳುಗಿದ," ಎಂದರು ಪ್ರೊಫೆಸರ್. "ಎಷ್ಟು ಸಲ ಹೇಳೋದು ನಿಂಗೆ?"

ಜಿಗಣೆ ಕಾನ್‌ಸ್ಟೇಬಲನನ್ನು ಎಳೆದುಕೊಂಡು ಕೆರೆಗೆ ಇಳಿದಳು. ಆ ಟೋಪಿಯ ಅಡಿಯಿಂದ ಒಂದು ಗೋಣಿಚೀಲ ಎತ್ತಿಸಿದಳು. ಅದರ ನಾತಕ್ಕೆ ಆಕಾಶದ ಹದ್ದೂ ಮೂಗು ಮುಚ್ಚಿಕೊಂಡಿರಬೇಕು. ತುಂಬ ಕೊಳೆತ ಎಲೆ! ಆಮೇಲೆ ಟೋಪಿಯನ್ನೇ ಮಗುಚಿ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

ಸಂಜೆ ಮತ್ತೆ ಅದೇ ಊಟದ ಮನೆ.

"ಕೆರೆ ಉಸಿರು ಬಿಡದೆ ಹೋದಾಗ ನೀವು ಎಲೆ ಚೀಲ ಕಟ್ಟಿದ್ರಿ. ಭಾಮೈದನಿಗೆ ಗೊತ್ತಾಯ್ತು. ಬಯಲು ಮಾಡ್ತೀನಿ ಅಂದ. ಅಲ್ವಾ?"

"ಚೀಲ ಕಟ್ಟಿದ್ರೆ ಕೊಲೆಗಾರನಾ?"

"ಅಲ್ಲ. ಆದ್ರೆ ಚೀಲ ಇವತ್ತೂ ಅಲ್ಲೇ ಇತ್ತು, ಎಲೆ ಇವತ್ತೂ ಕೊಳೀತಿತ್ತು. ಮತ್ತೆ ನಿಮ್ಮ ಗೆರೆ ಯಾಕೆ ಹೀಗೆ ದಿಢೀರಂತ ಏರಿ, ದಿಢೀರಂತ ನಿಂತುಬಿಡ್ತು? ಕೊಳೆಯೋ ಎಲೆಗೆ ಅಷ್ಟು ಅವಸರ ಇರುತ್ತಾ? ಈ ಗೆರೆ ಎಲೆದಲ್ಲ ಸ್ವಾಮಿ. ಮನುಷ್ಯನದು."

ಪ್ರೊಫೆಸರರ ಮುಖ ಸುಣ್ಣವಾಯಿತು.

"ದೋಣಿಯ ಹುಟ್ಟಿನಿಂದ ತಲೆಗೆ ಹೊಡೆದ್ರಿ. ಮುಳುಗಿದ. ಮೇಲೆ ಬರ್ಲಿಲ್ಲ, ಸತ್ತ ಅಂದ್ಕೊಂಡ್ರಿ. ಅವನು ಎದ್ದದ್ದು ಟೋಪಿಯ ಒಳಗೆ. ಮುಳುಗೋನು ಟಬ್ಬನ್ನ ಹೊರಗಿಂದ ಹಿಡ್ಕೋತಾನೆ. ಒಳಗೆ ಯಾಕೆ ಅಡಗಿದ? ಹೊರಗೆ ಹುಟ್ಟು ಹಿಡ್ಕೊಂಡು ಒಬ್ಬ ಕಾಯ್ತಿದ್ದ. ಟೋಪಿಯ ಒಳಮೈ ತುಂಬ ಉಗುರಿನ ಗೀರು. ನೀವು ಹೋಗೋ ಹೊತ್ತಿಗೆ ಹೊರಗೆ ನುಸುಳೋ ಶಕ್ತಿಯೂ ಇರ್ಲಿಲ್ಲ ಅವನಿಗೆ. ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಂಡ. ಕೊನೆಗೆ ಕೈ ಜಾರಿ ಮುಳುಗಿದ, ಹೆಣ ಜೊಂಡಿಗೆ ತೇಲಿಹೋಯ್ತು. ಆ ಹುಡುಗಿಯ ದೋಣಿ ಹೋಗಿದ್ರೆ ಬದುಕ್ತಿದ್ದ. ರೀಡಿಂಗ್ ಕೆಡುತ್ತೆ ಅಂತ ತಡೆದ್ರಿ."

ಅಕ್ಕ ಎದ್ದು ಗೋಡೆಯ ಬಳಿ ಹೋದಳು. ಗಾಜಿನ ಮೇಲೆ ಬೆರಳಿಟ್ಟು ಗೆರೆಯ ಜೊತೆಗೇ ಮೇಲೇರಿದಳು.

"ಎಷ್ಟು ಹೊತ್ತು ಮೇಡಂ?"

ಜಿಗಣೆಗೆ ಸುಳ್ಳು ಹೇಳುವ ಮನಸ್ಸಾಯಿತು. ಆಗಲಿಲ್ಲ. "ಅರ್ಧ ಗಂಟೆಗೂ ಮೇಲೆ."

ಕೋಳ ಬಿದ್ದ ಮೇಲೆ ಪ್ರೊಫೆಸರ್ ಬಾಯಿ ತೆರೆದರು. ಕ್ಷಮೆ ಕೇಳುತ್ತಾರೆ ಎಂದುಕೊಂಡ ಕಾನ್‌ಸ್ಟೇಬಲ್.

"ಹಾಗಾದ್ರೆ... ನನ್ನ ಲೆಕ್ಕದಿಂದ ಇದೊಂದನ್ನ ತೆಗೀಬೇಕು. ಅಳಿಸಿಬಿಡಿ."

"ಬೇಡ," ಎಂದಳು ಹೆಂಡತಿ. ಚೌಕಟ್ಟನ್ನು ಇಳಿಸಿ ಜಿಗಣೆಯ ಕೈಗೆ ಕೊಟ್ಟಳು. "ಕೋರ್ಟಲ್ಲಿ ಇವರ ಕೈಲೇ ಓದಿಸಿ. ಒಂದೊಂದು ಉಸಿರೂ ಬಿಡದ ಹಾಗೆ."