ಸೊನ್ನೆ ಬಿದ್ದ ಹೆಸರು

ಹೆಣ್ಣು ನೋಡಲು ಬರುವ ಗಂಡು ಅತ್ತರು ಹಚ್ಚಿಕೊಂಡು, ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಬರುತ್ತಾನೆ. ಹಜರತಅಲಿ ಬ್ಯಾಡಗಿಗೆ ಒಬ್ಬನೇ ಬಂದ. ಬಗಲಲ್ಲಿ ರೆಕ್ಸಿನ್ ಚೀಲ, ಚೀಲದೊಳಗೆ ಮೂವತ್ತು ಅಂಕದ ಪ್ರಶ್ನೆಪತ್ರಿಕೆ. ಪರೀಕ್ಷೆ ಹುಡುಗಿಗಲ್ಲ, ಹುಡುಗಿಯ ತಾಯಿಗೆ. ಇಂಥ ಶಾಸ್ತ್ರವನ್ನು ಯಾರಾದರೂ ಕೇಳಿದ್ದುಂಟೆ?

ಆದದ್ದು ಇಷ್ಟು. ಮೈಮುನಾಬಿಗೆ ಇಪ್ಪತ್ತೊಂಬತ್ತು ತುಂಬಿತ್ತು. ತಂದೆ ಫಕ್ಕೀರಸಾಬ ತೀರಿಕೊಂಡ ಮೇಲೆ ಅವಳೂ ತಾಯಿ ಸಕೀನಾಬಿಯೂ ಮನೆಯಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಬದುಕುತ್ತಿದ್ದರು. ರಾಣೆಬೆನ್ನೂರಿನ ಹಜರತಅಲಿಯ ಸಂಬಂಧ ಬಂದು ಮಾತು ಮುಕ್ಕಾಲು ಮುಗಿದಿತ್ತು. ಅಷ್ಟರಲ್ಲಿ ಸಕೀನಾಬಿ ಒಲೆಯ ಮೇಲೆ ಹಾಲಿಟ್ಟು ಮರೆತಳು. ಒಂದು ಸಲವಲ್ಲ, ಮೂರು ಸಲ. ಹಾವೇರಿಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದ ಅಣ್ಣ ಇಸ್ಮಾಯಿಲಸಾಬ ಖಡಾಖಂಡಿತ ಹೇಳಿಬಿಟ್ಟ.

"ಅಮ್ಮಿಗೆ ಮರುವಿನ ಬ್ಯಾನಿ ಇದ್ರ ಮೈಮುನಾ ಎಲ್ಲಿಗೂ ಹೋಗೂದಿಲ್ಲ. ಮದುವಿ ಮಾತು ಅಲ್ಲಿಗೇ ಬಂದ್."

ಬ್ಯಾನಿ ಇದೆಯೋ ಇಲ್ಲವೋ ಹೇಳಲು ಆಗ ಬೆಂಗಳೂರಿನ ಡಾಕ್ಟರುಗಳ ಸರ್ವೆ ನಡೆದಿತ್ತು, ರಾಣೆಬೆನ್ನೂರಿನಲ್ಲಿ ಆಫೀಸು. ಹಜರತಅಲಿಗೆ ಅಲ್ಲೇ ಪ್ರಶ್ನೆ ಕೇಳುವ ಕೆಲಸ. "ಈ ಮನಿಗೆ ಬ್ಯಾರೆಯವರನ್ನ ಕಳಸ್ರಿ" ಎಂದು ಬೇಡಿಕೊಂಡ. ಉರ್ದು, ಕನ್ನಡ ಎರಡೂ ಬಲ್ಲವನು ಅವನೊಬ್ಬನೇ ಇದ್ದ. ಹೀಗೆ ತನ್ನ ಮದುವೆ ಇರಬೇಕೋ ಮುರಿಯಬೇಕೋ ಎಂಬುದಕ್ಕೆ ತಾನೇ ಅಂಕ ಹಾಕುವ ಪಾಳಿ ಅವನಿಗೆ ಬಂತು.

ಮೈಮುನಾಬಿಗೆ ಸಿಟ್ಟು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಅವಳ ಮನಸ್ಸು ಹಾಗಾಗಿ ವರ್ಷಗಳೇ ಆಗಿದ್ದವು. ಕಾಯಿಯ ಘಾಟಿಗೂ ಅವಳು ಈಗ ಕೆಮ್ಮುತ್ತಿರಲಿಲ್ಲ. ಆದರೂ ಒಂದನ್ನು ಮಾತ್ರ ನೋಡಿದಳು. ಅವನ ಪೆನ್ನಿನ ಮುಚ್ಚಳದ ತುಂಬ ಹಲ್ಲಿನ ಗುರುತುಗಳಿದ್ದವು.

ಅದು ತೊಂಬತ್ತೆಂಟರ ಫೆಬ್ರುವರಿ, ಮಂಗಳವಾರ. ಅಂಗಳದಲ್ಲಿ ಕೆಂಪು ರಾಶಿಯ ಪಕ್ಕ ಕೂತು ಅವನು ಶುರು ಮಾಡಿದ.

"ಇವತ್ತ ತಾರೀಖು ಎಷ್ಟರಿ, ಖಾಲಾ?"

"ಈದ್ ಆಗಿ ಹತ್ತ ದಿನಾ ಆತು. ನಿನ್ನೆ ಕಾಯಿ ಪೇಟಿ ಇತ್ತು."

ಲೆಕ್ಕ ಸರಿಯಾಗಿಯೇ ಇತ್ತು. ಫಾರ್ಮಿನಲ್ಲಿ ಆ ಲೆಕ್ಕಕ್ಕೆ ಜಾಗವಿರಲಿಲ್ಲ. ಸೊನ್ನೆ.

"ಈಗ ಯಾವ ಋತು?"

"ಹಂಗಂದ್ರ?"

ಬಿಡಿಸಿ ಹೇಳಬಾರದೆಂದು ಅವನಿಗೆ ಕಲಿಸಿದ್ದರು. ಅವನು ಅದನ್ನೇ ಮತ್ತೊಮ್ಮೆ ಓದಿದ. ಸಕೀನಾಬಿ ಕೈಯಲ್ಲಿದ್ದ ಕಾಯಿ ತೋರಿಸಿ, "ಹೊಸ ಕಾಯಿ ಬರೂ ದಿನಾ ನೋಡಪಾ" ಎಂದಳು. ಅದಕ್ಕೂ ಸೊನ್ನೆ.

"ನಾವು ಈಗ ಎಷ್ಟನೇ ಮಹಡಿಯಲ್ಲಿದ್ದೇವೆ?"

ಸಕೀನಾಬಿ ಮೇಲೆ ಹಂಚು ನೋಡಿದಳು. ಕೆಳಗೆ ಸಗಣಿ ಸಾರಿಸಿದ ನೆಲ ನೋಡಿದಳು. ಆಮೇಲೆ ಅವನ ಮುಖವನ್ನೇ ಬಹಳ ಕನಿಕರದಿಂದ ನೋಡಿದಳು. "ಮುಂಜಾನಿಂದ ಚಾ ಕುಡದಿಲ್ಲೇನ, ತಮ್ಮಾ?"

ಮೈಮುನಾಬಿಯ ತುಟಿಯ ಒಂದು ಮೂಲೆ ಅಲುಗಿತು. ಅವನು ಅದನ್ನು ಕಂಡ. ಕಂಡದ್ದು ಅವಳಿಗೂ ಗೊತ್ತಾಯಿತು. ಇಬ್ಬರೂ ಲಗುಬಗೆಯಿಂದ ಬೇರೆ ಬೇರೆ ಕಡೆ ನೋಡಿದರು.

ಜಿಲ್ಲೆ ಯಾವುದೆಂದರೆ ಸಕೀನಾಬಿ ಧಾರವಾಡ ಎಂದಳು. ಹಾವೇರಿ ಜಿಲ್ಲೆಯಾಗಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಅರವತ್ತೆಂಟು ವರ್ಷ ಧಾರವಾಡ ಜಿಲ್ಲೆಯಲ್ಲಿ ಬಾಳಿದವಳು ಮತ್ತೇನು ಹೇಳಿಯಾಳು?

"ನಿಮ್ಮ ಗಂಡನ ಹೆಸರು?"

ಸಕೀನಾಬಿ ಸೆರಗು ಹಣೆಯವರೆಗೆ ಎಳೆದುಕೊಂಡಳು. ತೊಟ್ಟು ಮುರಿಯುವ ಸಪ್ಪಳವೊಂದೇ ಕೇಳುತ್ತಿತ್ತು. ಅವನು ಎರಡನೇ ಸಲ ಕೇಳಿದ, ಮೂರನೇ ಸಲ ಕೇಳಿದ. ಆಮೇಲೆ ತಲೆ ತಗ್ಗಿಸಿ ಬರೆದ. ಪೆನ್ನು ದುಂಡಗೆ ಒಂದು ಸುತ್ತು ತಿರುಗಿದ್ದನ್ನು ಮೈಮುನಾಬಿ ಕೂತಲ್ಲಿಂದಲೇ ನೋಡಿದಳು.

ಒಟ್ಟು ಹದಿಮೂರು. ಇಪ್ಪತ್ನಾಲ್ಕಕ್ಕಿಂತ ಕಡಿಮೆಯಾದರೆ ಬ್ಯಾನಿ ಎಂದು ಫಾರ್ಮಿನ ಕೆಳಗೇ ಅಚ್ಚಾಗಿತ್ತು.

"ಹೋಗಿ ಬಾ, ಇಸಾಕಸಾಬ" ಎಂದು ಸಕೀನಾಬಿ ಬಾಗಿಲವರೆಗೂ ಬಂದು ಕಳಿಸಿದಳು. ಇಸಾಕಸಾಬ ಅವಳ ಕೊನೆಯ ತಮ್ಮ. ಸತ್ತು ಎಷ್ಟೋ ಕಾಲವಾಗಿತ್ತು.

ಬುಧವಾರ ಇಸ್ಮಾಯಿಲಸಾಬ ಬಂದು ಸಂಬಂಧ ಬಿಟ್ಟಂತೆಯೇ ಎಂದು ಹೇಳಿ ಹೋದ. ಮೈಮುನಾಬಿ "ಹೂಂ" ಎಂದಳು. ಅವತ್ತು ಎರಡು ಚೀಲ ಬಿಡಿಸಿದಳು. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಬರಬೇಕಿತ್ತಲ್ಲ ಎಂದು ಅವಳಿಗೇ ಅನ್ನಿಸಿತು, ಅಷ್ಟೇ.

ಗುರುವಾರ ಹಜರತಅಲಿ ಮತ್ತೆ ಬಂದ. ಈ ಸಲ ಚೀಲವಿರಲಿಲ್ಲ.

"ಇನ್ನೇನ ಉಳದೈತಿ ಬರಿಯಾಕ, ಹಜರತಅಲಿ ಅವರ?" ಎಂದಳು ಮೈಮುನಾಬಿ.

"ಅವರ ಬಾಯಿಂದ ಬರದಿದ್ರ ಸೊನ್ನಿ ಹಾಕ್ಬೇಕಂತ ಕಲಸ್ಯಾರ್ರಿ. ಸುಳ್ಳ ಬರೀಲಿಲ್ಲ ನಾ. ಎರಡು ರಾತ್ರಿ ನಿದ್ದಿ ಬಂದಿಲ್ಲ."

"ಹಜರತಅಲಿ ಅವರ, ನಿಮ್ಮ ತಾಯಿ ನಿಮ್ಮ ಅಬ್ಬಾಗ ಏನಂತ ಕರೀತಿದ್ರು?"

"'ಏನ್ರೀ' ಅಂತಿದ್ರು. ಸಿಟ್ಟಿಗೆದ್ರ 'ಹಜರತನ ಅಬ್ಬಾ' ಅಂತಿದ್ರು."

"ಹೆಸರು?"

"ಒಮ್ಮೆಯೂ ಕೇಳಿಲ್ರಿ ಅವರ ಬಾಯಾಗ."

"ಅವರಿಗೂ ಮರುವಿನ ಬ್ಯಾನಿ ಇತ್ತೇನು?"

ಹಜರತಅಲಿ ಜೇಬಿನ ಪೆನ್ನು ತೆಗೆದು ಮುಚ್ಚಳ ಕಚ್ಚಿದ. "ಇಷ್ಟು ನನಗ ಯಾಕ ಹೊಳೀಲಿಲ್ಲ?"

"ಕೈಯಾಗ ಫಾರ್ಮ್ ಇತ್ತಲ್ಲ."

ಅವನು ನಕ್ಕ, ಅವಳು ನಗಲಿಲ್ಲ. ಆದರೆ ಕೂರಲು ಮಣೆಯನ್ನು ಕಾಲಿನಿಂದ ಅವನತ್ತ ಸರಿಸಿದಳು. ಅವನು ಕೂತ.

"ನೀವು ಮಾತ್ರ ನನ್ನ ಹೆಸರು ಬಾಯಿತುಂಬ ಕರೀತೀರಿ" ಎಂದ.

"ಕರದ್ರೇನಾತು? ನೀವೇನ ನನ್ನ..." ಎಂದವಳು ಅಲ್ಲೇ ನಿಂತಳು. ಕೈಯಲ್ಲಿದ್ದ ಕಾಯಿಯ ತೊಟ್ಟಿನ ಬದಲು ಕಾಯಿಯೇ ಮುರಿದು ಬೀಜ ಚೆಲ್ಲಿತು.

"ಇನ್ನೂ ಏನೂ ಅಲ್ಲ ಬಿಡ್ರಿ" ಎಂದು ಅವನು ಬೀಜಗಳನ್ನು ಒಂದೊಂದಾಗಿ ಆರಿಸಿ ಅವಳ ಮೊರಕ್ಕೆ ಹಾಕಿದ.

ಅವನು ಬ್ಯಾಡಗಿಯಿಂದ ನೆಟ್ಟಗೆ ಸರ್ವೆಯ ಡಾಕ್ಟರಮ್ಮನ ಹತ್ತಿರ ಹೋದ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ, ಪ್ರಶ್ನೆಗಳೇ ತಪ್ಪು ಎಂದು ಹೇಳಿದ. ಬೆಂಗಳೂರಿನ ಆಕೆ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. "ನನ್ನ ಅಜ್ಜಿನೂ ತಾತನ ಹೆಸರು ಹೇಳ್ತಿರಲಿಲ್ಲ. ಫಾರ್ಮ್ ಮಾಡುವಾಗ ಅಜ್ಜಿ ನೆನಪಾಗಲೇ ಇಲ್ಲ ನೋಡಿ. ಕರ್ಕೊಂಡು ಬನ್ನಿ, ನಾನೇ ಕೇಳ್ತೀನಿ."

ಮುಂದಿನ ವಾರ ರಾಣೆಬೆನ್ನೂರಿನ ಆಫೀಸಿನಲ್ಲಿ ಎರಡನೇ ಪರೀಕ್ಷೆ. ಇಸ್ಮಾಯಿಲಸಾಬನೂ ಹಾವೇರಿಯಿಂದ ಬಂದು ಗೋಡೆಗೊರಗಿ ನಿಂತ. ಈ ಸಲ ಈದಿನ ಲೆಕ್ಕ ನಡೆಯಿತು, ಪೇಟೆಯ ದಿನದ ಲೆಕ್ಕವೂ ನಡೆಯಿತು. ಡಾಕ್ಟರಮ್ಮ ಎರಡು ಜಾತಿಯ ಮೆಣಸಿನಕಾಯಿ ಮುಂದಿಟ್ಟರೆ ಸಕೀನಾಬಿ ಮುಟ್ಟುವ ಮೊದಲೇ ಸಪೂರದ ಕಡ್ಡಿ ಯಾವುದು, ದಪ್ಪನೆಯ ಡಬ್ಬಿ ಯಾವುದು ಎಂದು ಹೇಳಿದಳು. ಗಂಡನ ಹೆಸರಿಗೆ ಮಾತ್ರ ನಾಚಿದಳು.

"ನನ್ನ ಮಗಳ ಸಾಲಿ ಸರ್ಟಿಫಿಕೇಟಿನ್ಯಾಗ ಐತಿ ನೋಡ್ರಿ. ಅಕಿ ಹೆಸರಿನ ಮಗ್ಗಲಕ್ಕ."

ಡಾಕ್ಟರಮ್ಮ ಆ ಪ್ರಶ್ನೆಗೆ ಪೂರ್ತಿ ಅಂಕ ಹಾಕಿದರು. ಕೊನೆಗೆ, ಮೊದಲು ಹೇಳಿದ್ದ ಮೂರು ಪದ ನೆನಪಿವೆಯೇ ಎಂದು ಕೇಳಿದರು. ಚೀಲ, ತಕ್ಕಡಿ, ಮೊರ. ದಿನಾ ಕೈಯಲ್ಲಿ ಹಿಡಿಯುವ ಸಾಮಾನುಗಳು. ಸಕೀನಾಬಿ ಹುಡುಕಿದಳು. ಮಗಳ ಮುಖ ನೋಡಿದಳು. "ಮೊರ" ಎಂದಳು. ಉಳಿದೆರಡು ಸಿಗಲೇ ಇಲ್ಲ.

"ಇಪ್ಪತ್ತೆರಡು. ಮರೆವು ಶುರುವಾಗಿದೆ" ಎಂದರು ಡಾಕ್ಟರಮ್ಮ. "ಹದಿಮೂರರಷ್ಟಲ್ಲ. ಆದರೆ ಇದೆ."

"ಅಂದ್ರ ಬ್ಯಾನಿ ಖರೇ" ಎಂದ ಇಸ್ಮಾಯಿಲಸಾಬ. "ಮೈಮುನಾ ಹೋಗೂದಿಲ್ಲ."

"ಬ್ಯಾಡ್ರಿ, ಅವರು ಬರೂದ ಬ್ಯಾಡ" ಎಂದ ಹಜರತಅಲಿ. "ನಾ ಬ್ಯಾಡಗಿಗೆ ಬರ್ತೇನಿ. ಮುಂಜಾನಿ ಬಸ್ಸಿಗೆ ಇಲ್ಲಿ ಕೆಲಸಕ್ಕ ಬಂದು ಸಂಜಿಗೆ ಹೊಳ್ಳಿ ಹೋಗ್ತೇನಿ. ಖಾಲಾನ್ನ ಇಬ್ಬರೂ ನೋಡ್ಕೋತೇವಿ. ಅವರು ಬ್ಯಾಡ ಅಂದ್ರ ಅಷ್ಟs ಬಿಡ್ತೇನಿ."

ಇಸ್ಮಾಯಿಲಸಾಬ ತಂಗಿಯ ಕಡೆ ನೋಡಿದ. ಅವಳು ತಾಯಿಯ ಕೈ ಹಿಡಿದು ಕೌಂಟರಿಗೆ ನಡೆದಳು.

ಅಲ್ಲಿ ತಿಂಗಳು ತಿಂಗಳು ಬಂದು ತೋರಿಸುವ ಕಾರ್ಡು ಮಾಡುತ್ತಿದ್ದರು. ಕ್ಲಾರ್ಕ್ ಹೊಸಬ, ಯಾರ ಗುರುತೂ ಇಲ್ಲದವನು. "ಅಜ್ಜಿನ್ನ ಮನ್ಯಾಗ ನೋಡ್ಕೊಳ್ಳಾವ್ರು ಯಾರ್‍ಯಾರ್ರಿ?"

"ನಾನು, ಮೈಮುನಾಬಿ."

"ಮತ್ತ?"

"ಮತ್ತ... ಇವರು."

"ಇವರಂದ್ರ? ಹೆಸರ ಹೇಳ್ರಿ."

ಹಜರತಅಲಿ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಮೈಮುನಾಬಿ ಬಾಯಿ ತೆರೆದಳು. ನೂರು ಸಲ ಪಟಪಟ ಅಂದಿದ್ದ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಕೊಂಡಿತು. ಸೆರಗು ತಾನಾಗಿಯೇ ಹಣೆಯತ್ತ ಹೋಯಿತು.

"ಹೆಸರ ಗೊತ್ತಿಲ್ಲೇನ್ರಿ?" ಎಂದ ಕ್ಲಾರ್ಕ್.

"ಅಕಿ ಹೇಳೂದಿಲ್ಲ" ಎಂದಳು ಸಕೀನಾಬಿ, ಎಲ್ಲ ತಿಳಿದವಳ ಗತ್ತಿನಲ್ಲಿ. "ನಾ ಹೇಳ್ತೇನಿ, ಬರಕೋ. ಇಸಾಕಸಾಬ."

ಕ್ಲಾರ್ಕ್ ಬರೆದ. ಮೈಮುನಾಬಿ ತಿರುಗಿ ನೋಡಿದಳು. ತಪ್ಪನ್ನು ತಿದ್ದಬೇಕೆಂದರೆ ಅವಳು ಅವನ ಹೆಸರು ಹೇಳಬೇಕು. ಅವನು ಪೆನ್ನಿನ ಮುಚ್ಚಳ ಕಚ್ಚಿಕೊಂಡು, ಕಣ್ಣು ತುಂಬಿಕೊಂಡು, ಬೇಡ ಎಂದು ತಲೆಯಾಡಿಸಿದ. "ಇರ್ಲಿ ಬಿಡ್ರಿ" ಎಂದು ಕ್ಲಾರ್ಕನಿಗೆ ಹೇಳಿದ. "ಅದs ಖರೇ."

ಜೋಮು ಬಿಡುವಾಗ ಕಾಲು ಮೊದಲು ಚುಚ್ಚುತ್ತದೆ. ಮೈಮುನಾಬಿಗೆ ಎದೆಯೊಳಗೆ ಹಾಗೇ ಚುಚ್ಚಿತು, ಎಷ್ಟೋ ವರ್ಷಗಳ ಮೇಲೆ. ಅವಳು ಕೌಂಟರಿನ ಕಟ್ಟೆ ಹಿಡಿದು ನಿಂತು ಅತ್ತಳು.

"ಏನ್ರೀ" ಎಂದಳು ಆಮೇಲೆ, ಅವನ ಕಡೆ ನೋಡದೆ. "ಬಸ್ಸಿಗೆ ಹೊತ್ತಾತು."