ಮಿಟುಕದ ರೆಪ್ಪೆ

ಶರದೃತುವಿನ ಆ ಬೆಳಗ್ಗೆ ಕುಂದಣಪುರದ ಏಳು ಹೆಬ್ಬಾಗಿಲುಗಳಿಗೂ ಮಾವಿನ ತೋರಣ ಕಟ್ಟಿತ್ತು. ನೀರು ಚಿಮುಕಿಸಿ ಧೂಳಡಗಿಸಿದ ರಾಜಬೀದಿಯಲ್ಲಿ ಪಟ್ಟದಾನೆಯು ಗಂಟೆಯ ನಾದದೊಡನೆ ಸಾಗುತ್ತಿದ್ದರೆ, ಕಂಚುಗಾರರ ಕೇರಿಯ ಹೆಂಗಸರು ಮಹಡಿಗಳ ಮೇಲೆ ಹೂಬುಟ್ಟಿ ಹಿಡಿದು ನಿಂತಿದ್ದರು. ಆ ಹೂವನ್ನು ಯಾರ ಮೇಲೆ ಎರಚಬೇಕೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಅರಸನು ತೀರಿಕೊಂಡು ಹದಿನೈದು ದಿನಗಳಾಗಿದ್ದವು. ಅಂಧನಿಗೆ ಪಟ್ಟವಿಲ್ಲವೆಂಬುದು ಆ ರಾಜ್ಯದ ಶಾಸನ. ಅರಸನ ಏಕಮಾತ್ರ ಪುತ್ರ ಅಯ್ಯಣದೇವನಾದರೋ ಕಣ್ಣು ಮುಚ್ಚಿಕೊಂಡೇ ಯುದ್ಧಭೂಮಿಯಿಂದ ಮರಳಿದ್ದನು.

ಅವನ ಬಲಗಣ್ಣನ್ನು ಶತ್ರುವಿನ ಬಾಣ ಕೊಂಡೊಯ್ದಿತ್ತು. ಗದೆಯ ಪೆಟ್ಟಿನಿಂದ ಎಡಗಣ್ಣಿನ ರೆಪ್ಪೆ ಜಾರಿಬಿದ್ದು ಮೇಲೇಳದಾಗಿತ್ತು. ಅರಸನ ದಾಯಾದಿಯಾದ ತನ್ನ ಅಳಿಯನನ್ನು ಸಿಂಹಾಸನಕ್ಕೇರಿಸುವ ಹವಣಿಕೆಯಲ್ಲಿದ್ದ ಮಹಾಪ್ರಧಾನ ಗೊಗ್ಗಿದೇವನಿಗೆ ಇದು ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಉಳಿದದ್ದು ವೈದ್ಯನ ಬಾಯಿಂದ ಹೇಳಿಸುವ ಕೆಲಸವಷ್ಟೆ. ಅವನು ಅರಮನೆಯ ನೇತ್ರವೈದ್ಯ ಬಾಚಿಮಯ್ಯನನ್ನು ಹಿಂದಿನ ದಿನವೇ ಕರೆಸಿದ್ದನು.

"ವೈದ್ಯರೇ, ಸಭೆಯಲ್ಲಿ ಕುಮಾರರು ಅಂಧರೆಂದು ಸಾಕ್ಷಿ ನುಡಿಯಿರಿ. ಎರಡು ಗ್ರಾಮಗಳ ಉಂಬಳಿ ನಿಮ್ಮದು."

"ಪ್ರಭು, ಇರುವ ಒಂದು ಮನೆಯನ್ನು ಗುಡಿಸಿಕೊಳ್ಳಲೇ ನನಗೆ ಪುರುಸೊತ್ತಿಲ್ಲ."

"ಸಾಕ್ಷಿ ಸುಳ್ಳೆಂದು ಕಂಡುಬಂದರೆ ವೈದ್ಯನ ಕಣ್ಣಿಗೆ ಕಾದ ಸಲಾಕೆ. ಆ ಕಟ್ಟಳೆ ನೆನಪಿದೆಯಷ್ಟೆ?"

"ಚೆನ್ನಾಗಿ ನೆನಪಿದೆ. ಆದ್ದರಿಂದಲೇ ನಿಜ ಹೇಳಲಿದ್ದೇನೆ."

ಬಾಚಿಮಯ್ಯ ಅಂಥವನೇ. ಮೂವತ್ತು ವರ್ಷ ರಣರಂಗದಲ್ಲಿ ಸೈನಿಕರ ಒಡೆದ ಮುಖಗಳನ್ನು ಹೊಲಿದವನು. ಮಹಾ ಹಟಮಾರಿ, ಆ ಹಟವಿಲ್ಲದಿದ್ದರೆ ಅವನ ಕತೆ ಹೇಳುವ ಗೋಜಿಗೆ ನಾನೂ ಹೋಗುತ್ತಿರಲಿಲ್ಲ.

ತುಂಬಿದ ಸಭೆಯಲ್ಲಿ ಅವನು ಕುಮಾರನ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ನುಡಿದನು: "ಮಹಾಜನರೇ, ಕಣ್ಣೆಂಬುದು ಒಡೆಯ; ಅದರ ಸುತ್ತಲಿರುವುದೆಲ್ಲ ಪರಿವಾರ. ಮೂಳೆಯ ಗುಳಿ ಅದರ ಕೋಟೆ. ಹುಬ್ಬು ಬೆವರನ್ನು ತಡೆಯುತ್ತದೆ, ಎವೆಗೂದಲು ಧೂಳನ್ನು ತಡೆಯುತ್ತದೆ, ಕಣ್ಣೀರು ಹಗಲಿರುಳೂ ತೊಳೆಯುತ್ತದೆ. ಗುಡ್ಡೆಯನ್ನು ಅತ್ತಿತ್ತ ತಿರುಗಿಸಲು ಆರು ಸ್ನಾಯುಗಳಿವೆ. ರೆಪ್ಪೆಯನ್ನು ಎತ್ತುವ ಸ್ನಾಯು ಬೇರೆಯೇ ಇದೆ. ಕುಮಾರರಲ್ಲಿ ಹರಿದಿರುವುದು ಅದೊಂದೇ. ಬಾಗಿಲು ಮುಚ್ಚಿದೆಯೆಂದು ಮನೆಯೊಡೆಯನಿಗೆ ತಿಥಿ ಮಾಡುತ್ತೀರಾ?"

ಸಭೆಯಲ್ಲಿ ನಗೆ ಹರಿಯಿತು. ಗೊಗ್ಗಿದೇವನು ನಗಲಿಲ್ಲ.

"ಹಾಗಾದರೆ ಪರೀಕ್ಷೆಯಾಗಲಿ," ಎಂದು ಅವನು ಸುಳ್ಳುಸಾಕ್ಷಿಯ ಶಿಕ್ಷೆಗೆಂದು ಸಿದ್ಧವಾಗಿರಿಸಿದ್ದ ಅಗ್ಗಿಷ್ಟಿಕೆಯಿಂದ ಸಲಾಕೆಯನ್ನು ತೆಗೆದನು. "ನೀವು ರೆಪ್ಪೆಯನ್ನು ಎತ್ತಿ ಹಿಡಿಯಿರಿ. ನಾನು ಇದನ್ನು ಕಣ್ಣೆದುರಿಗೆ ತರುತ್ತೇನೆ. ಕಾಣುವ ಕಣ್ಣಾದರೆ ಮಿಟುಕಲೇಬೇಕು."

ಬಾಚಿಮಯ್ಯನು ನಿಶ್ಚಿಂತೆಯಿಂದ ಒಪ್ಪಿದನು. ರೆಪ್ಪೆಯನ್ನು ಮುಚ್ಚುವ ಸ್ನಾಯು ಕುಮಾರನಲ್ಲಿ ಗಟ್ಟಿಮುಟ್ಟಾಗಿತ್ತು. ಅಪಾಯ ಕಂಡೊಡನೆ ಅದು ಯಾರ ಅಪ್ಪಣೆಯನ್ನೂ ಕೇಳದು. ಎಡಗೈಯ ಹೆಬ್ಬೆರಳಿನಿಂದ ಅವನು ರೆಪ್ಪೆಯನ್ನು ಮೆಲ್ಲನೆ ಎತ್ತಿ ಹಿಡಿದನು. ಕೆಂಪಗೆ ಕಾದ ಸಲಾಕೆ ಬಂದಿತು, ಗೇಣು ದೂರಕ್ಕೆ, ಬೆರಳಗಲಕ್ಕೆ. ಹೆಬ್ಬೆರಳಿನಡಿಯಲ್ಲಿ ರೆಪ್ಪೆ ಮಿಸುಕಲಿಲ್ಲ.

ತಾನು ಮರೆತದ್ದೇನೆಂದು ಆ ಕ್ಷಣದಲ್ಲಿ ವೈದ್ಯನಿಗೆ ಹೊಳೆಯಿತು. ಖಡ್ಗದೆದುರು ರೆಪ್ಪೆ ಮಿಟುಕಿಸಿದವನು ಹೇಡಿಯೆಂದು ಗರಡಿಯಲ್ಲಿ ಐದನೆಯ ವಯಸ್ಸಿನಿಂದ ಕಲಿತವನು ಅಯ್ಯಣದೇವ. ಗೊಗ್ಗಿದೇವನ ಮುಂದೆ ಅವನು ಹೇಗೆ ಮಿಟುಕಿಸಿಯಾನು!

"ನಾನು ಕಂಡೆ!" ಎಂದು ಕುಮಾರನು ಗುಡುಗಿದನು. "ಈ ದ್ರೋಹಿಗೆ ಹೆದರಲಿಲ್ಲ, ಅಷ್ಟೆ!"

"ಕಾದ ಕಬ್ಬಿಣದ ಝಳ ಕುರುಡನಿಗೂ ತಿಳಿಯುತ್ತದೆ, ಸ್ವಾಮಿ," ಎಂದನು ಪ್ರಧಾನಿ. ಸಲಾಕೆಯನ್ನು ಮತ್ತೆ ಕೆಂಡಕ್ಕಿಟ್ಟು ಭಟರತ್ತ ತಿರುಗಿದನು. "ಸಾಕ್ಷಿ ಸುಳ್ಳಾಯಿತು. ವೈದ್ಯನನ್ನು ಹಿಡಿಯಿರಿ."

ಬಾಚಿಮಯ್ಯನು ಕೈ ಎತ್ತಿ ಭಟರನ್ನು ತಡೆದನು, ಮಾತಾಡಲಿಲ್ಲ. ಹೆಬ್ಬೆರಳಿನಿಂದ ಕುಮಾರನ ರೆಪ್ಪೆಯನ್ನು ಪುನಃ ಎತ್ತಿ ಹಿಡಿದು, ಬಲಗೈಯಿಂದ ಸಲಾಕೆಯನ್ನು ತಾನೇ ತೆಗೆದುಕೊಂಡು, ಅದರ ತುದಿಯನ್ನು ತನ್ನ ಕಣ್ಣಿನತ್ತ ತಿರುಗಿಸಿದನು. ಅದರ ಝಳ ಕುಮಾರನಿಗೆ ತಾಗುವಷ್ಟು ಹತ್ತಿರವಿರಲಿಲ್ಲ. ಯಾರೂ ಒಂದು ಶಬ್ದವನ್ನೂ ಆಡಲಿಲ್ಲ. ಸಲಾಕೆ ಕೆಂಡದಿಂದ ವೈದ್ಯನ ಮುಖದೆಡೆಗೆ ನಿಧಾನವಾಗಿ ಏರಿತು, ಮತ್ತು ಕುಮಾರನ ಕಣ್ಣು ಅದರೊಡನೆ ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ ಏರಿದ್ದನ್ನು ಮುಂದಿನ ಸಾಲಿನ ಸಾಮಂತರು ಸ್ಪಷ್ಟವಾಗಿ ಕಂಡರು.

"ಬೇಡ, ವೈದ್ಯರೇ!"

ಕುಮಾರನ ಬರಿಗೈ ಮುನ್ನುಗ್ಗಿ ಕಾದ ಕಬ್ಬಿಣವನ್ನು ನಡುಗಾಳಿಯಲ್ಲೇ ಹಿಡಿಯಿತು. ಚರ್ಮ ಸುಟ್ಟ ವಾಸನೆ ಹಬ್ಬಿತು. ಸಲಾಕೆ ನೆಲಕ್ಕೆ ಬಿದ್ದು ಉರುಳಿತು.

ಮೊದಲು ಎದ್ದು ಕೈಮುಗಿದವನು ವೃದ್ಧ ಸೇನಾಪತಿ. ಬಳಿಕ ಇಡೀ ಸಭೆಯೇ ಎದ್ದಿತು. ಸೇನಾಪತಿಯ ಸನ್ನೆಯರಿತ ಭಟರು ಗೊಗ್ಗಿದೇವನನ್ನು ಸುತ್ತುವರಿದರು.

ಬಾಚಿಮಯ್ಯನಿಗೆ ಅದಾವುದೂ ಬೇಕಿರಲಿಲ್ಲ. ಅವನು ಕುಮಾರನ ಅಂಗೈಗೆ ತುಪ್ಪ ಸವರುತ್ತ ಗದರುತ್ತಿದ್ದನು: "ಮಿಟುಕಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ರೆಪ್ಪೆಯನ್ನು ದೇವರು ಕೊಟ್ಟಿರುವುದು ಮುಚ್ಚುವುದಕ್ಕೆ, ಶೌರ್ಯ ಮೆರೆಯುವುದಕ್ಕಲ್ಲ."

"ತಪ್ಪಾಯಿತು," ಎಂದನು ಹೊಸ ಅರಸ. "ನಾನು ಹಿಡಿಯದಿದ್ದರೆ ನೀವು ನಿಜಕ್ಕೂ ಚುಚ್ಚಿಕೊಳ್ಳುತ್ತಿದ್ದಿರಾ?"

"ನೀವು ಹಿಡಿಯದಿದ್ದರೆ ಮೂವತ್ತು ವರ್ಷ ನಾನು ಕಂಡದ್ದೆಲ್ಲ ಸುಳ್ಳೆಂದಾಗುತ್ತಿತ್ತು, ಪ್ರಭು. ಆಮೇಲೆ ಈ ಕಣ್ಣಿಟ್ಟುಕೊಂಡು ನಾನು ನೋಡಬೇಕಾದದ್ದೇನಿತ್ತು?"